ಹಬ್ಬದ ದಿನ ಈಗ ಗೊತ್ತಾಗಿದೆ: ಬೆಂಗಳೂರು ಎಫ್‌ಸಿ ಆಡಳಿತಕ್ಕೆ ಒಂದು ಬಹಿರಂಗ ಪತ್ರ

ಬೆಂಗಳೂರು,
10 ಜನವರಿ 2026

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್‌ನ ಆಡಳಿತದವರಿಗೆ, ಮತ್ತು ಮಾಲೀಕರಾದ ಪಾರ್ಥ್ ಜಿಂದಾಲ್ ಅವರಿಗೆ,

ನಮಸ್ಕಾರ. ಈ ಪತ್ರ ಬರೆಯುವಾಗ ನನ್ನ ಕೈಗೆ ಇನ್ನೂ ಬೆಲ್ಲದ ಅಂಟು ಇದೆ. ಹಲಸೂರಿನಲ್ಲಿ ನನ್ನದೊಂದು ಸಣ್ಣ ದಿನಸಿ ಅಂಗಡಿ. ಮುಂದಿನ ವಾರ ಸಂಕ್ರಾಂತಿ. ಬೆಳಗ್ಗೆಯಿಂದ ಎಳ್ಳು, ಹುರಿಗಡಲೆ, ಕಡಲೆಬೀಜ, ಕೊಬ್ಬರಿ ಚೂರು, ಬೆಲ್ಲದ ಚೂರು ಬೆರೆಸಿ ಕಾಲು ಕೆಜಿ ಪ್ಯಾಕೆಟ್ ಕಟ್ಟುತ್ತಾ ಕೂತಿದ್ದೇನೆ. ಹೆಂಡತಿ ಸಕ್ಕರೆ ಅಚ್ಚುಗಳನ್ನು ಒಡೆಯದ ಹಾಗೆ ಡಬ್ಬಿಗೆ ತುಂಬುತ್ತಿದ್ದಾಳೆ. ಎಷ್ಟು ಎಳ್ಳು ಬೇಕು, ಎಷ್ಟು ಬೆಲ್ಲ ಬೇಕು ಅಂತ ಡಿಸೆಂಬರ್‌ನಲ್ಲೇ ಲೆಕ್ಕ ಹಾಕಿ ಯಶವಂತಪುರದ ಯಾರ್ಡಿನಿಂದ ತರಿಸಿಟ್ಟಿದ್ದೆ. ಹಬ್ಬ ಯಾವತ್ತು ಅಂತ ಗೊತ್ತಿರುವುದಕ್ಕೆ ಅದು ಸಾಧ್ಯ. ಹಬ್ಬ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಿಲ್ಲ ಅಂದರೆ ಅಂಗಡಿಯವನು ಏನು ಮಾಡುತ್ತಾನೆ? ತರಿಸಿದರೆ ಬೆಲ್ಲ ಕರಗುತ್ತದೆ. ತರಿಸದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಲೀಗ್ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆ ಕಳೆದ ಆರು ತಿಂಗಳು ನಿಮ್ಮ ಪಾಡು ಅದೇ ಆಗಿತ್ತು. ಅದು ನನಗೆ ಅರ್ಥವಾಗುತ್ತದೆ. ಆದ್ದರಿಂದ ಇದು ದೂರಿನ ಪತ್ರ ಅಲ್ಲ. ಈಗ ಹಬ್ಬದ ದಿನ ಗೊತ್ತಾಗಿದೆಯಲ್ಲ, ಏನು ತರಿಸಬೇಕು, ಏನು ತರಿಸಬಾರದು ಅನ್ನುವ ಬಗ್ಗೆ ಒಬ್ಬ ಹಳೇ ಗಿರಾಕಿಯ ಮಾತು.

ಹಳೇ ಗಿರಾಕಿ ಅಂತ ಸುಮ್ನೆ ಹೇಳುತ್ತಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ನಿಮ್ಮ ಮೊದಲ ಮ್ಯಾಚ್ ನಡೆಯಿತಲ್ಲ, ಮೋಹನ್ ಬಗಾನ್ ಜೊತೆ 1-1 ಆಗಿದ್ದು, ಅವತ್ತು ನಾನು ಅಲ್ಲಿದ್ದೆ. ಆ ವರ್ಷವೇ ಲೀಗ್ ಗೆದ್ದಿರಿ. ಆಮೇಲೆ ತಂಡ ಕಂಠೀರವಕ್ಕೆ ಬಂತು, ನಾನೂ ಬಂದೆ. ಮ್ಯಾಚ್ ದಿನ ಸಂಜೆ ಹಲಸೂರಲ್ಲಿ ಮೆಟ್ರೋ ಹತ್ತಿ, ಕಬ್ಬನ್ ಪಾರ್ಕಲ್ಲಿ ಇಳಿದು, ಕಸ್ತೂರಬಾ ರಸ್ತೆಯಲ್ಲಿ ನಡೆದುಕೊಂಡು ಹೋಗಿ ಪಶ್ಚಿಮದ ಗ್ಯಾಲರಿಯಲ್ಲಿ ನಿಂತುಬಿಡುತ್ತೇನೆ. ಕುರ್ಚಿ ಇರುತ್ತದೆ, ಆದರೆ ಆ ಕಡೆ ಯಾರೂ ಕೂರುವುದಿಲ್ಲ.

ನನ್ನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಮುಂದಿನಿಂದ ತೆರೆದರೆ ಉದ್ರಿ ಲೆಕ್ಕ. ಹಿಂದಿನಿಂದ ತೆರೆದರೆ ಬೆಂಗಳೂರು ಎಫ್‌ಸಿ. ಪ್ರತಿ ವರ್ಷ ಜೂನ್‌ನಲ್ಲಿ ಒಂದು ಹೊಸ ಪುಟ. ಎಡಗಡೆ ಹೆಸರು, ಪಕ್ಕದಲ್ಲಿ ವಯಸ್ಸು, ಆಡುವ ಜಾಗ, ಎಷ್ಟು ವರ್ಷದಿಂದ ನಮ್ಮಲ್ಲಿದ್ದಾನೆ. ಪೆನ್ಸಿಲ್‌ನಲ್ಲೇ ಬರೆಯುವುದು. ಆಗಸ್ಟ್ ಮುಗಿಯುವ ಹೊತ್ತಿಗೆ ಅರ್ಧ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ ಅಂತ ಅನುಭವ ಕಲಿಸಿದೆ. 2025ರ ಪುಟದಲ್ಲಿ ಎಷ್ಟು ಸಲ ರಬ್ಬರ್ ಉಜ್ಜಿದ್ದೇನೆ ಅಂದರೆ ಕಾಗದ ಒಂದು ಕಡೆ ತೂತಾಗಿದೆ.

ಯಾಕೆ ಹೀಗಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಫುಟ್‌ಬಾಲ್ ಅಷ್ಟಾಗಿ ನೋಡದೆ ಈ ಪತ್ರ ಓದುತ್ತಿರುವವರಿಗಾಗಿ ನಾಲ್ಕು ಸಾಲು. ಇಂಡಿಯನ್ ಸೂಪರ್ ಲೀಗ್ ನಡೆಸುತ್ತಿದ್ದದ್ದು ರಿಲಯನ್ಸ್ ಬಳಗದ ಎಫ್‌ಎಸ್‌ಡಿಎಲ್ ಕಂಪನಿ. ದೇಶದ ಫುಟ್‌ಬಾಲ್ ಫೆಡರೇಷನ್ ಜೊತೆ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಬೇಕಿತ್ತು. ಅದರ ಮುಂದೇನು ಅಂತ ಇತ್ಯರ್ಥ ಆಗಲಿಲ್ಲ. ಜುಲೈ 11ರಂದು ಎಫ್‌ಎಸ್‌ಡಿಎಲ್‌ನಿಂದ ಕ್ಲಬ್‌ಗಳಿಗೆ ಪತ್ರ ಬಂತು: ಈ ಸೀಸನ್ ಸದ್ಯಕ್ಕೆ ನಿಲ್ಲಿಸಿದ್ದೇವೆ. ಫೆಡರೇಷನ್ ಟೆಂಡರ್ ಕರೆಯಿತು. ನವೆಂಬರ್ 7ರ ಗಡುವು ಮುಗಿದಾಗ ಒಬ್ಬರೂ ಬಿಡ್ ಹಾಕಿರಲಿಲ್ಲ. ಕೊನೆಗೆ ಇದೇ ಜನವರಿ 6ರಂದು ಕ್ರೀಡಾ ಮಂತ್ರಿಗಳು ಹೇಳಿದರು, ಫೆಬ್ರುವರಿ 14ಕ್ಕೆ ಲೀಗ್ ಶುರು. 14 ತಂಡ, ಒಬ್ಬರ ಜೊತೆ ಒಂದೇ ಸಲ ಆಟ, ಒಟ್ಟು 91 ಮ್ಯಾಚು. ಘೋಷಣೆಯಿಂದ ಮೊದಲ ವಿಸಿಲ್‌ವರೆಗೆ 39 ದಿನ. ಅದರಲ್ಲಿ ನಾಲ್ಕು ದಿನ ಆಗಲೇ ಹೋಯಿತು.

ಈ ನಡುವೆ ಬಂದದ್ದು ಆಗಸ್ಟ್ 4ರ ನಿಮ್ಮ ಪ್ರಕಟಣೆ. ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ತಡೆಹಿಡಿದಿದ್ದೇವೆ ಅಂತ. ನಾನು ಆಗ ಒಬ್ಬ ಅಜ್ಜಿಗೆ ತೊಗರಿಬೇಳೆ ತೂಗುತ್ತಿದ್ದೆ. ಗ್ಯಾಲರಿಯಲ್ಲಿ ನನ್ನ ಪಕ್ಕ ನಿಲ್ಲುವ ಆಟೋ ಓಡಿಸುವ ಗೆಳೆಯ ಫೋನ್ ಹಿಡಿದುಕೊಂಡು ಅಂಗಡಿಗೇ ಬಂದ. ಇಬ್ಬರೂ ಓದಿದೆವು. "ಸುನಿಲ್ ಛೆಟ್ರಿಗೆ ಹೇಗೋ ನಡೆಯುತ್ತೆ ಬಿಡು. ಬಾಲ್ ಚೀಲ ಹೊರುವವನ ಮನೆ ಬಾಡಿಗೆ ಯಾರು ಕಟ್ತಾರೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ, "ಬೇಳೆ ಜಾಸ್ತಿ ಬಿದ್ದಿದೆ ನೋಡಪ್ಪ" ಅಂತ ಎಚ್ಚರಿಸಿದರು.

ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ಅದನ್ನು ಜಾಸ್ತಿ ಜನ ಗಮನಿಸಲಿಲ್ಲ. ಯುವ ತಂಡಗಳು ಮತ್ತು ಮಕ್ಕಳ ಸಾಕರ್ ಸ್ಕೂಲ್‌ಗಳು ಎಂದಿನಂತೆ ನಡೆಯುತ್ತವೆ, ಅವಕ್ಕೆ ತೊಂದರೆ ಇಲ್ಲ ಅಂತ. ಅಂದರೆ ಮನೆಗೆ ಕಷ್ಟ ಬಂದಾಗ ಮಕ್ಕಳ ಫೀಸ್ ಮಾತ್ರ ನಿಲ್ಲಿಸಲಿಲ್ಲ. ನಾನು ಹೇಳಬೇಕಾದ ಮಾತೆಲ್ಲ ಆ ಒಂದು ವಾಕ್ಯದ ಮೇಲೇ ನಿಂತಿದೆ. ಈಗ ನೀವು ಸೇರಿಸಬೇಕಾಗಿರುವುದು 13 ಮ್ಯಾಚಿಗೆ ಬೇಕಾದ ಜನರನ್ನಲ್ಲ. ಫೀಸ್ ಕಟ್ಟಿ ಓದಿಸಿದ ಆ ಹುಡುಗರಿಗೆ ಕೆಲಸ ಕೊಡುವ ತಂಡವನ್ನು ಕಟ್ಟಬೇಕಾಗಿದೆ.

ಮೊದಲು ಕಾಂಟ್ರಾಕ್ಟ್ ಮಾತು. ನಮ್ಮ ದೇಶದಲ್ಲಿ ಆಟಗಾರ ಕ್ಲಬ್ ಬದಲಿಸುವಾಗ ದೊಡ್ಡ ಹಣ ಕೈ ಬದಲಾಗುವುದು ಕಡಿಮೆ. ಇಂಗ್ಲೆಂಡ್ ಸ್ಪೇನ್ ಕಡೆಯ ಹಾಗೆ ನೂರಾರು ಕೋಟಿಯ ವ್ಯಾಪಾರ ಇಲ್ಲಿಲ್ಲ. ಹೆಚ್ಚಿನವರು ಕಾಂಟ್ರಾಕ್ಟ್ ಮುಗಿಯುವವರೆಗೆ ಕಾದು, ಮೇ 31 ದಾಟಿದ ಮೇಲೆ ಬಿಟ್ಟಿಯಾಗಿ ಇನ್ನೊಂದು ಕಡೆ ಹೋಗುತ್ತಾರೆ. ಜೊತೆಗೆ ಫಿಫಾದ ನಿಯಮ ಒಂದಿದೆ: ಕಾಂಟ್ರಾಕ್ಟ್‌ನಲ್ಲಿ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಆಟಗಾರ ಬೇರೆ ಕ್ಲಬ್ ಜೊತೆ ಈಗಲೇ ಸಹಿ ಮಾಡಿಕೊಳ್ಳಬಹುದು. ಲೆಕ್ಕ ಹಾಕಿ. ಮೇ ಕೊನೆಗೆ ಮುಗಿಯುವ ಪ್ರತಿಯೊಬ್ಬನೂ ಡಿಸೆಂಬರ್ ಬಂದಾಗಿನಿಂದ ಕೈ ಬಿಟ್ಟ ಗಾಳಿಪಟ. ಲೀಗ್ ಇದೆಯೋ ಇಲ್ಲವೋ ಅಂತ ನಾವೆಲ್ಲ ದಿಲ್ಲಿ ಕಡೆ ನೋಡುತ್ತಿದ್ದಾಗ, ಏಜೆಂಟರು ಸುಮ್ಮನೆ ಕೂತಿದ್ದರು ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ನಿಯಮ ಇದಕ್ಕಿಂತ ಖಾರ. ಎರಡು ತಿಂಗಳ ಸಂಬಳ ಕಾನೂನಿಗೆ ವಿರುದ್ಧವಾಗಿ ಬಾಕಿ ಉಳಿದರೆ, ಆಟಗಾರ 15 ದಿನದ ನೋಟಿಸ್ ಕೊಟ್ಟು ಕಾಂಟ್ರಾಕ್ಟ್ ಮುರಿದು ಹೋಗಬಹುದು. ಆಮೇಲೆ ಬಾಕಿ ತೀರಿಸದ ಕ್ಲಬ್‌ಗೆ ಹೊಸಬರನ್ನು ನೋಂದಾಯಿಸುವುದಕ್ಕೇ ತಡೆ ಬೀಳುತ್ತದೆ. ಆದ್ದರಿಂದ ಈ ಟ್ರಾನ್ಸ್‌ಫರ್ ವಿಂಡೋದಲ್ಲಿ, ಅಂದರೆ ಹೊಸ ಆಟಗಾರರನ್ನು ಸೇರಿಸಿಕೊಳ್ಳಲು ಬಿಡುವ ಈ ಅವಧಿಯಲ್ಲಿ, ನಿಮ್ಮ ಮೊದಲ ಖರ್ಚು ಹೊಸ ಸಹಿ ಆಗಬಾರದು. ಹಳೇ ಬಾಕಿ ಇದ್ದರೆ ಅದು ಮೊದಲು. ನನ್ನ ಅಂಗಡಿಯಲ್ಲೂ ಅಷ್ಟೆ. ಯಾರ್ಡಿನ ಸಾಹುಕಾರರ ಹಳೇ ಬಿಲ್ ತೀರಿಸದೆ ಹೊಸ ಮೂಟೆ ಕೇಳಿದರೆ ಅವರು ಬೈಯುವುದಿಲ್ಲ, ನಗುತ್ತಾರೆ. ಆ ನಗು ಬೈಗುಳಕ್ಕಿಂತ ಕೆಟ್ಟದ್ದು.

ಇಲ್ಲಿ ನಮ್ಮಪ್ಪನ ನೆನಪಾಗುತ್ತದೆ. ಅವರು ದೂರವಾಣಿನಗರದ ಐಟಿಐನಲ್ಲಿ ಫಿಟ್ಟರ್. ಆಗ ಬೆಂಗಳೂರಿನ ಫುಟ್‌ಬಾಲ್ ಅಂದರೆ ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆ ತಂಡಗಳೇ. ಚೆನ್ನಾಗಿ ಆಡುವ ಹುಡುಗನಿಗೆ ಕಂಪನಿ ಕೆಲಸ ಕೊಡುತ್ತಿತ್ತು. ಬೆಳಗ್ಗೆ ಪಂಚ್, ಮಧ್ಯಾಹ್ನದ ಮೇಲೆ ಪ್ರಾಕ್ಟೀಸ್. ಕೆಲಸ ಕಾಯಂ, ಹಾಗಾಗಿ ಆಟಗಾರನೂ ಕಾಯಂ. ಹತ್ತು ಹನ್ನೆರಡು ವರ್ಷ ಅದೇ ಬನಿಯನ್. ಟ್ರಾನ್ಸ್‌ಫರ್ ವಿಂಡೋ ಅಂತ ಹೇಳಿದ್ದರೆ ಅಪ್ಪ ಅದು ಯಾವುದೋ ಹೊಸ ಥರದ ಕಿಟಕಿ ಅಂದುಕೊಳ್ಳುತ್ತಿದ್ದರೇನೋ. ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ, ಬರುವುದೂ ಇಲ್ಲ. ಆದರೆ ಒಂದು ವಿಷಯ ಅವರಿಗೆ ಗೊತ್ತಿತ್ತು. ಮುಂದಿನ ತಿಂಗಳು ಅಕ್ಕಿ ಬರುತ್ತದೆ ಅಂತ ಗ್ಯಾರಂಟಿ ಇರುವ ಹುಡುಗನ ಕಾಲು ಬೇರೆ ಥರ ಓಡುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ: 25 ವಯಸ್ಸಿನ ಆಸುಪಾಸಿನಲ್ಲಿರುವ ನಮ್ಮ ಹುಡುಗರನ್ನು ಕರೆದು ಮೊದಲು ಅವರ ಜೊತೆ ಕೂತು ಮಾತಾಡಿ. ಉದ್ದದ ಕಾಂಟ್ರಾಕ್ಟ್ ಕೊಡಿ. ಸಂಬಳ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ವರ್ಷ ಜಾಸ್ತಿ ಇರಲಿ. ಈ ಗೊಂದಲದ ಕಾಲದಲ್ಲಿ ಆಟಗಾರನಿಗೂ ಅದೇ ಬೇಕಾಗಿರುವುದು ಅಂತ ನನ್ನ ಅಂದಾಜು. ಸುರೇಶ್ ಸಿಂಗ್ 2017ರ ಅಂಡರ್-17 ವಿಶ್ವಕಪ್ ಆಡಿದ ಹುಡುಗ, ನಮ್ಮಲ್ಲೇ ಬೆಳೆದು ಮಿಡ್‌ಫೀಲ್ಡ್‌ನ ಕಂಬ ಆದ. ರೋಶನ್ ಸಿಂಗ್ 2021-22ರಲ್ಲಿ ಲೀಗ್‌ನ ಎಮರ್ಜಿಂಗ್ ಪ್ಲೇಯರ್. ಮುಂದಿನ ವರ್ಷ ಅದೇ ಪ್ರಶಸ್ತಿ ಶಿವಶಕ್ತಿಗೆ. ಎರಡು ವರ್ಷ ಸಾಲಾಗಿ ದೇಶದ ಅತಿ ಭರವಸೆಯ ಹುಡುಗ ನಮ್ಮ ಮನೆಯವನೇ. ಅದಕ್ಕಾಗಿ ನೀವು ಯಾವ ಕ್ಲಬ್‌ಗೂ ಚೆಕ್ ಬರೆದಿರಲಿಲ್ಲ ಅಲ್ವಾ?

ಈಗ ಹೊರದೇಶದ ಆಟಗಾರರ ವಿಷಯ. ಇಲ್ಲೇ ನೀವು ಎಡವಬಹುದು ಅಂತ ನನಗೆ ಜಾಸ್ತಿ ಹೆದರಿಕೆ.

ಲೀಗ್‌ನ ಲೆಕ್ಕ ಈಚಿನ ಕೆಲವು ವರ್ಷ ಆರು ಜನ ವಿದೇಶಿಯರು, ಮೈದಾನದಲ್ಲಿ ಒಟ್ಟಿಗೆ ನಾಲ್ವರು. ಈ ಸಲ ಆ ನಾಲ್ಕನ್ನು ತುಂಬಿಸಲೇಬೇಕು ಅಂತ ಹಟಕ್ಕೆ ಬೀಳಬೇಡಿ. ಜನವರಿಯಲ್ಲಿ ಬಿಟ್ಟಿ ಸಿಗುವ ಸ್ಟ್ರೈಕರ್ ಯಾರು? ಯುರೋಪಿನಲ್ಲಿ ಸೀಸನ್ ಅರ್ಧ ನಡೆದಿರುತ್ತದೆ. ಚೆನ್ನಾಗಿ ಆಡುತ್ತಿರುವವನನ್ನು ಯಾರೂ ಬಿಡುವುದಿಲ್ಲ. ಬಿಟ್ಟಿ ಇರುವವನು ಆಡದೆ ಕೂತವನು, ಇಲ್ಲವೇ ಗಾಯ ಮಾಗಿಸಿಕೊಳ್ಳುತ್ತಿರುವವನು. ಅವನಿಗೆ ವೀಸಾ ಮಾಡಿಸಿ, ಮನೆ ಹುಡುಕಿ, ಬೆಂಗಳೂರಿನ ಟ್ರಾಫಿಕ್ ಪರಿಚಯಿಸಿ, ಮೈ ಬಿಸಿಯಾಗುವ ಹೊತ್ತಿಗೆ 13 ಮ್ಯಾಚಿನಲ್ಲಿ ಐದು ಮುಗಿದಿರುತ್ತದೆ. ಮದುವೆ ಮುಗಿದ ಮೇಲೆ ಬಂದ ವಾಲಗದ ಹಾಗೆ. ದುಡ್ಡು ಮಾತ್ರ ಪೂರ್ತಿ ಕೊಡಬೇಕು.

ಬೇರೆ ಕ್ಲಬ್‌ಗಳ ಕಡೆ ನೋಡಿ. ಕೇರಳ ಬ್ಲಾಸ್ಟರ್ಸ್‌ನ ನಾಯಕ ಲೂನಾ ಈಗ ಲೋನ್ ಮೇಲೆ, ಅಂದರೆ ಎರವಲಾಗಿ, ಇಂಡೋನೇಷ್ಯಾದ ಕ್ಲಬ್‌ಗೆ ಹೋಗಿದ್ದಾರೆ. ಮುಂಬೈ ಸಿಟಿಯಲ್ಲಿ ಪಾಲು ಇಟ್ಟಿದ್ದ ಸಿಟಿ ಫುಟ್‌ಬಾಲ್ ಗ್ರೂಪ್‌ನವರು ಡಿಸೆಂಬರ್ ಕೊನೆಯಲ್ಲಿ ಗಂಟುಮೂಟೆ ಕಟ್ಟಿದರು. ಎಲ್ಲರ ಬುಟ್ಟಿಯೂ ಖಾಲಿ ಆಗುತ್ತಿರುವಾಗ ಸಂತೆಯಲ್ಲಿ ಉಳಿದ ಬಾಡಿದ ಸೊಪ್ಪಿಗೆ ನಾವೊಬ್ಬರೇ ಮುಗಿಬೀಳುವುದು ಜಾಣತನವೇ?

ನಮಗೆ ಇನ್ನೊಂದು ಅನುಕೂಲ ಇದೆ. ರಯಾನ್ ವಿಲಿಯಮ್ಸ್. 2023ರಲ್ಲಿ ಪರ್ತ್‌ನಿಂದ ಬಂದಾಗ ಅವರು ಆಸ್ಟ್ರೇಲಿಯಾದವರು, ಆ ದೇಶಕ್ಕೆ ಒಂದು ಮ್ಯಾಚೂ ಆಡಿದ್ದವರು. ಅವರ ತಾಯಿಯ ಕಡೆಯ ಬೇರು ಮುಂಬೈನ ಆಂಗ್ಲೋ ಇಂಡಿಯನ್ ಕುಟುಂಬದ್ದು. ಕಳೆದ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತಗೊಂಡರು. ನಮ್ಮ ನಾಯಕ ಸುನಿಲ್ ಕೈಯಿಂದಲೇ ಅದನ್ನು ಪಡೆದ ಫೋಟೋ ನಾನು ಅಂಗಡಿಯ ಗಲ್ಲಾದ ಹಿಂದೆ ಅಂಟಿಸಿದ್ದೇನೆ. ಗಣಪತಿ ಕ್ಯಾಲೆಂಡರ್ ಪಕ್ಕದಲ್ಲಿ. ಇದು ಬರೀ ಭಾವನೆಯ ಮಾತಲ್ಲ, ತಂಡ ಕಟ್ಟುವ ಲೆಕ್ಕದಲ್ಲೂ ಇದರ ಬೆಲೆ ದೊಡ್ಡದು. ನಿನ್ನೆವರೆಗೆ ವಿದೇಶಿ ಜಾಗ ತುಂಬುತ್ತಿದ್ದ ವಿಂಗರ್ ಇವತ್ತು ಭಾರತೀಯ. ಒಂದು ಜಾಗ ಬಿಟ್ಟಿ ಸಿಕ್ಕ ಹಾಗೆ. ಆ ಜಾಗಕ್ಕೆ ಒಬ್ಬನನ್ನು ತರಲೇಬೇಕು ಅಂದರೆ ತನ್ನಿ, ಆದರೆ ಒಬ್ಬನನ್ನೇ. ಅದೂ ಮೂರು ತಿಂಗಳ ಬಾಡಿಗೆ ಕಾರಿನ ಹಾಗಲ್ಲ. ಮುಂದಿನ ಸೀಸನ್ ಮುಗಿಯುವವರೆಗೆ ಇರುತ್ತೇನೆ ಅನ್ನುವವನನ್ನು.

ಇಲ್ಲಿ ನನ್ನ ಗೆಳೆಯನ ವಾದವನ್ನೂ ಬರೆದುಬಿಡುತ್ತೇನೆ. ಅವನು ನನ್ನ ಮಾತು ಒಪ್ಪುವುದಿಲ್ಲ. "ಬರೀ 13 ಮ್ಯಾಚು ಕಣೋ. ಎಲ್ಲ ತಂಡವೂ ಕುಂಟುತ್ತಿದೆ. ಇಬ್ಬರು ಒಳ್ಳೆ ಫಾರಿನರ್ ತಂದರೆ ಕಪ್ ನಮ್ಮದೇ. 2024ರಲ್ಲಿ ಏನಾಯ್ತು ಮರೆತೆಯಾ?" ಅನ್ನುತ್ತಾನೆ. ಮರೆತಿಲ್ಲ. ಅವನ ಮಾತಿನಲ್ಲಿ ಹುರುಳಿದೆ. 2023-24ರಲ್ಲಿ ನಾವು 12 ತಂಡಗಳಲ್ಲಿ 10ನೇ ಜಾಗಕ್ಕೆ ಬಿದ್ದಿದ್ದೆವು. ಮುಂದಿನ ಬೇಸಿಗೆಯಲ್ಲಿ ನೀವು ರಾಹುಲ್ ಭೇಕೆಯನ್ನು ಮುಂಬೈಯಿಂದ ವಾಪಸ್ ಕರೆತಂದಿರಿ. ಅಲ್ಲಿಂದಲೇ ನೊಗೆರಾ, ಪೆರೇರಾ ಡಿಯಾಸ್ ಬಂದರು. ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ ಬಂದರು. ಒಂದೇ ವರ್ಷದಲ್ಲಿ ಮೂರನೇ ಜಾಗ, ಪ್ಲೇಆಫ್‌ನಲ್ಲಿ ಮುಂಬೈಗೆ 5-0, ಫೈನಲ್. ಕೋಲ್ಕತ್ತದ ಸಾಲ್ಟ್‌ಲೇಕ್‌ನಲ್ಲಿ ಮೋಹನ್ ಬಗಾನ್ ಎದುರು ಮುಂದಿದ್ದು, ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ಕ್ಕೆ ಸೋತೆವು. ಕೊಂಡು ತಂದರೆ ಫಲ ಸಿಗುವುದಿಲ್ಲ ಅಂತ ನಾನು ಹೇಗೆ ಹೇಳಲಿ?

ಆದರೆ ಅವತ್ತು ನಿಮ್ಮ ಕೈಯಲ್ಲಿ ಪೂರ್ತಿ ಬೇಸಿಗೆ ಇತ್ತು. ಪ್ರೀ-ಸೀಸನ್ ಇತ್ತು, ಡ್ಯುರಾಂಡ್ ಕಪ್ ಇತ್ತು. ಸೆಪ್ಟೆಂಬರ್ ಹೊತ್ತಿಗೆ ಒಬ್ಬರ ಓಟ ಇನ್ನೊಬ್ಬರಿಗೆ ಗೊತ್ತಾಗಿತ್ತು. ಈಗ ಉಳಿದಿರುವುದು 35 ದಿನ. ಮತ್ತೆ 2023ರಲ್ಲಿ ನಾವು ಕುಸಿದದ್ದು ಯಾಕೆ ಅಂತಲೂ ನೆನಪಿಸಿಕೊಳ್ಳಿ. ಆ ವರ್ಷ ಮಾರ್ಚ್‌ನಲ್ಲಿ ಫೈನಲ್ ಆಡಿ ಪೆನಾಲ್ಟಿಯಲ್ಲಿ ಸೋತ ತಂಡ ಜೂನ್ ಮುಗಿಯುವಷ್ಟರಲ್ಲಿ ಚೆಲ್ಲಾಪಿಲ್ಲಿ. ರಾಯ್ ಕೃಷ್ಣ ಒಡಿಶಾಗೆ, ಸಂದೇಶ್ ಜಿಂಗಾನ್ ಗೋವಾಕ್ಕೆ, ಉದಾಂತ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ನನ್ನ ಪುಸ್ತಕದ ಆ ಪುಟದಲ್ಲಿ ಪೆನ್ಸಿಲ್ ಗೆರೆಗಿಂತ ರಬ್ಬರ್ ಗುರುತೇ ಜಾಸ್ತಿ. ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಕೂಡ ಹೋದರು. ಕೊಂಡು ಕಟ್ಟಿದ ತಂಡ ಒಂದು ವರ್ಷ ಮಿಂಚುತ್ತದೆ, ಮುಂದಿನ ವರ್ಷ ಬೇರೆಯವರು ಕೊಳ್ಳುತ್ತಾರೆ. 2024ರಲ್ಲಿ ಬಂದವರ ಪೈಕಿ ಪೆರೇರಾ ಡಿಯಾಸ್, ಮೆಂಡೆಸ್ ಇಬ್ಬರೂ ಈಗ ನಮ್ಮ ಜೊತೆ ಇಲ್ಲ. ಇಬ್ಬರೂ ಫಾರ್ವರ್ಡ್‌ಗಳು. ಅಂದರೆ ಗೋಲ್ ಹೊಡೆಯುವ ಜಾಗದಲ್ಲೇ ತೂತು.

ಅಲ್ಲಿಗೆ ಮಾತು ಸುನಿಲ್ ಛೆಟ್ರಿ ಹತ್ತಿರ ಬಂದು ನಿಲ್ಲುತ್ತದೆ. ಎಲ್ಲರೂ ಸುತ್ತಿಬಳಸಿ ಹೋಗುವ ಜಾಗ ಇದು.

ಅವರಿಗೆ ಈಗ 41. ಕಳೆದ ಸೀಸನ್‌ನಲ್ಲಿ, 40ರ ವಯಸ್ಸಿನಲ್ಲಿ, 14 ಗೋಲು. ಗೋವಾದ ಫತೋರ್ಡಾದಲ್ಲಿ ನಡೆದ ಸೆಮಿಫೈನಲ್ ನಾನು ಅಂಗಡಿಯಲ್ಲೇ ಸಣ್ಣ ಟೀವಿಯಲ್ಲಿ ನೋಡಿದ್ದು. ಗೋವಾದವರು ಎರಡು ಹೊಡೆದು ಲೆಕ್ಕ ಸಮ ಮಾಡಿದ್ದರು. ಇಂಜುರಿ ಟೈಮ್. ಬಲಗಡೆಯಿಂದಲೋ ಎಡಗಡೆಯಿಂದಲೋ, ನಾನು ಆಗ ಚಿಲ್ಲರೆ ಎಣಿಸುತ್ತಿದ್ದೆ, ಚೆಂಡು ಬಂತು. ತಲೆ ಎತ್ತುವಷ್ಟರಲ್ಲಿ ಸುನಿಲ್ ಗಾಳಿಯಲ್ಲಿದ್ದರು. ಒಳಗೆ ಹೋಯಿತು. ಗಿರಾಕಿಗೆ ಐವತ್ತು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟುಬಿಟ್ಟೆ. ಪುಣ್ಯಾತ್ಮ ವಾಪಸ್ ತಂದುಕೊಟ್ಟ.

ಇಂಥ ಮನುಷ್ಯನನ್ನು ಬೆಂಚಿನ ಮೇಲೆ ಕೂರಿಸಿ ಅಂತ ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೂ ಹೇಳುತ್ತೇನೆ. 13 ಮ್ಯಾಚು ಅಂದರೆ 1,170 ನಿಮಿಷ. ಅದರಲ್ಲಿ ಸುನಿಲ್‌ಗೆ ಅರ್ಧ ಕೊಡಿ. ಉಳಿದ 585 ನಿಮಿಷ ಯಾರಿಗೆ ಅಂತ ಮೊದಲೇ ಬರೆದಿಡಿ. ಸ್ಕೋರು ನೋಡಿ, ಜನ ಕೂಗುವುದು ಕೇಳಿ, ಆ ಹೊತ್ತಿಗೆ ತೀರ್ಮಾನ ಮಾಡಬೇಡಿ. ಶಿವಶಕ್ತಿಗೆ ಇಷ್ಟು, ವಿನೀತ್ ವೆಂಕಟೇಶ್‌ಗೆ ಇಷ್ಟು ಅಂತ ಮಾರ್ಚ್‌ನ ಲೆಕ್ಕ ಜನವರಿಯಲ್ಲೇ ಆಗಲಿ. ಸುನಿಲ್ ಬೂಟು ಕಳಚಿದ ಮಾರನೇ ದಿನ "ಈಗ ಯಾರು" ಅಂತ ಸಂತೆಗೆ ಹೊರಟರೆ ಆ ದಿನದ ರೇಟಿಗೇ ಕೊಳ್ಳಬೇಕಾಗುತ್ತದೆ.

ವಿನೀತ್ ನಮ್ಮೂರಿನ ಹುಡುಗ. 2024ರ ಸೆಪ್ಟೆಂಬರ್ 14, ಸೀಸನ್‌ನ ನಮ್ಮ ಮೊದಲ ಮ್ಯಾಚು, ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು. ಆಗ ಅವನಿಗೆ 19. ಮ್ಯಾಚಿನ ಒಂದೇ ಗೋಲು ಅವನದು. ಓಡುವ ಟ್ರ್ಯಾಕ್ ಅಡ್ಡ ಇರುವುದರಿಂದ ನಮ್ಮ ಗ್ಯಾಲರಿಗೂ ಮೈದಾನಕ್ಕೂ ದೂರ ಜಾಸ್ತಿ, ಆಟಗಾರರ ಮುಖ ಸರಿಯಾಗಿ ಕಾಣುವುದಿಲ್ಲ. ಅವತ್ತು ಗೋಲ್ ಹೊಡೆದವನ ನಂಬರ್ ಓದಲು ಕಣ್ಣು ಕಿರಿದು ಮಾಡಿಕೊಂಡೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಒಬ್ಬಳು ನನ್ನ ತೋಳು ಹಿಡಿದು ಅಲ್ಲಾಡಿಸಿ, "ಅಂಕಲ್, ಲೋಕಲ್ ಹುಡುಗ! ಲೋಕಲ್!" ಅಂತ ಕಿರುಚಿದಳು. ಛೆಟ್ರಿ ಗೋಲ್ ಹೊಡೆದಾಗ ನಾವು ಕುಣಿಯುತ್ತೇವೆ. ಅವತ್ತು ಕುಣಿದದ್ದರಲ್ಲಿ ಬೇರೇನೋ ಇತ್ತು. ಬೀದಿಯ ಹುಡುಗನಿಗೆ ಕೆಲಸ ಸಿಕ್ಕಿದಾಗ ಬೀದಿಗೇ ಆಗುವ ಖುಷಿ ಅದು.

ತಪ್ಪು ತಿಳಿಯಬೇಡಿ, ಲೋಕಲ್‌ನವರೇ ಬೇಕು ಅಂತ ಹಟ ಇಲ್ಲ. ಮಣಿಪುರದ ರೋಶನ್, ತಮಿಳುನಾಡಿನ ಶಿವಶಕ್ತಿ, ಪಂಜಾಬಿನ ಗುರ್‌ಪ್ರೀತ್, ಎಲ್ಲರೂ ನಮ್ಮವರೇ. ಆದರೆ ಈ ಊರಿನಲ್ಲಿ ಹುಡುಗರಿಗೆ ಬರ ಇಲ್ಲ ಅನ್ನುವುದನ್ನು ನೆನಪಿಸಬೇಕಾಗಿದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮುಂಚೆ ಗೆದ್ದದ್ದು ಮೈಸೂರು ರಾಜ್ಯ ಅನ್ನುವ ಹೆಸರಿದ್ದಾಗ, ಆ ಗೆಲುವಿಗಿಂತ 54 ವರ್ಷ ಹಿಂದೆ. ನನ್ನ ಅಂಗಡಿಯಿಂದ ಕೂಗಳತೆಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಸಂಜೆ ಅಲ್ಲಿ ಗಲ್ಲಿಯಲ್ಲಿ ನಡೆದರೆ ಕಾಲಿಗೆ ಚೆಂಡು ತಾಗದೆ ಆಚೆ ಹೋಗುವುದು ಕಷ್ಟ. ಅಶೋಕನಗರದ ಸ್ಟೇಡಿಯಂನಲ್ಲಿ ಜಿಲ್ಲಾ ಲೀಗ್ ನಡೆಯುವಾಗ ನಿಮ್ಮ ಸ್ಕೌಟ್ ಒಬ್ಬರು ಮಧ್ಯಾಹ್ನದ ಬಿಸಿಲಲ್ಲಿ ಒಂದು ಛತ್ರಿ ಹಿಡಿದು ಕೂತರೆ, ಏಜೆಂಟ್ ಕಳಿಸುವ ವಿಡಿಯೋಗಿಂತ ಜಾಸ್ತಿ ಕಾಣಿಸುತ್ತದೆ.

ಬಳ್ಳಾರಿ ಕಡೆಯ ವಿಜಯನಗರದ ಕ್ಯಾಂಪಸ್‌ನಲ್ಲಿ ನೀವು ಸಾಕುತ್ತಿರುವ ಹುಡುಗರಿದ್ದಾರಲ್ಲ, ಅವರ ಸರದಿ ಇದು. ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಶುರುವಾದಾಗ ಮೊದಲ ಎರಡು ವರ್ಷ, 2022 ಮತ್ತು 2023, ಗೆದ್ದದ್ದು ನಮ್ಮ ಎಳೆಯ ತಂಡವೇ. ಶಿವಶಕ್ತಿ ಆ 2022ರ ತಂಡದಿಂದ ಬಂದವನು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಎದುರು ಗೋಲ್ ಹೊಡೆದ. ಬಾಗಿಲು ತೆಗೆದರೆ ಬರುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಉದ್ದದ ಲೀಗ್‌ನಲ್ಲಿ ಹುಡುಗನನ್ನು ಇಳಿಸುವುದಕ್ಕೆ ಕೋಚ್‌ಗಳು ಹೆದರುತ್ತಾರೆ, ಕೆಲಸ ಹೋಗುತ್ತದೆ ಅಂತ. ಈ ಚಿಕ್ಕ ಸೀಸನ್‌ನಲ್ಲಿ ಆ ಹೆದರಿಕೆ ಬೇಡ ಅಂತ ನೀವೇ ಕೋಚ್‌ಗೆ ಬರೆದು ಕೊಡಿ. ಏಳನೇ ಜಾಗಕ್ಕೆ ಬಂದರೂ ಪರವಾಗಿಲ್ಲ, ಮೂವರು ಹೊಸಬರು ತಲಾ 400 ನಿಮಿಷ ಆಡಿರಬೇಕು ಅಂತ. ಏಳನೇ ಜಾಗ ಅಂದದ್ದಕ್ಕೆ ಗೆಳೆಯ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದ. ನನಗೂ ಅದನ್ನು ಬರೆಯುವಾಗ ಹೊಟ್ಟೆ ಚುರುಕ್ ಅಂದಿತು.

ಉಳಿದ ಜಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಲ್‌ಕೀಪಿಂಗ್‌ನಲ್ಲಿ ಗುರ್‌ಪ್ರೀತ್‌ಗೆ ಮುಂದಿನ ತಿಂಗಳು 34, ಆ ಕೆಲಸಕ್ಕೆ ಅದು ವಯಸ್ಸೇ ಅಲ್ಲ. ಡಿಫೆನ್ಸ್‌ನಲ್ಲಿ ಭೇಕೆಗೆ 35. 2019ರ ಲೀಗ್ ಫೈನಲ್‌ನ ಎಕ್ಸ್‌ಟ್ರಾ ಟೈಮ್‌ನಲ್ಲಿ ಚೆಂಡಿಗೆ ತಲೆ ಕೊಟ್ಟು ನಮಗೆ ಕಪ್ ತಂದುಕೊಟ್ಟವರು. ಅವರ ಪಕ್ಕ ಒಬ್ಬ ಎಳೆಯ ಡಿಫೆಂಡರ್ ನಿಂತು ಕಲಿಯಬೇಕು. ಅಷ್ಟೆ.

ಸಂಬಳದ ಬಗ್ಗೆ ಒಂದು ಮಾತು. ಸೀಸನ್ ಚಿಕ್ಕದಾಯಿತು, ಆದಾಯ ಇಲ್ಲ, ಕಡಿತ ಮಾಡಬೇಕು ಅಂತ ನೀವು ಹೇಳಿದರೆ ನಾನು ಅದನ್ನು ಅನ್ಯಾಯ ಅನ್ನುವುದಿಲ್ಲ. ಕ್ಲಬ್ ನಡೆಸುವುದು ಲಾಭದ ವ್ಯಾಪಾರ ಅಲ್ಲ ಅಂತ ನಮಗೂ ಗೊತ್ತು. ಆದರೆ ಕತ್ತರಿ ಮೇಲಿನಿಂದ ಶುರುವಾಗಲಿ. ಕೋಟಿ ಎಣಿಸುವವರಿಗೆ ಜಾಸ್ತಿ ಕಡಿತ, ಲಕ್ಷ ಎಣಿಸುವವರಿಗೆ ಕಡಿಮೆ, ಬಟ್ಟೆ ಒಗೆಯುವವರಿಗೆ, ಮಸಾಜ್ ಮಾಡುವವರಿಗೆ, ಬಾಲ್ ಚೀಲ ಹೊರುವವರಿಗೆ ಒಂದು ರೂಪಾಯಿಯೂ ಬೇಡ. ಬಿಟ್ಟು ಹೋಗುತ್ತೇನೆ ಅನ್ನುವವರಿದ್ದರೆ ಜಗಳ ಆಡದೆ ಕಳಿಸಿಕೊಡಿ. ಹೊಟ್ಟೆಪಾಡಿಗೆ ಹೋಗುವವನನ್ನು ದ್ರೋಹಿ ಅನ್ನುವ ಅಭಿಮಾನಿಗಳೂ ಇದ್ದಾರೆ. ಅವರಿಗೆ ನಾವು ಗ್ಯಾಲರಿಯಲ್ಲಿ ಬುದ್ಧಿ ಹೇಳಿಕೊಳ್ಳುತ್ತೇವೆ, ಅದು ನಮಗಿರಲಿ.

ಕೊನೆಗೆ ನಮ್ಮ ವಿಷಯ. ನವೆಂಬರ್‌ನಲ್ಲಿ ಸೂಪರ್ ಕಪ್‌ನಲ್ಲಿ ಪಂಜಾಬ್ ಎದುರು ಪೆನಾಲ್ಟಿಯಲ್ಲಿ ಹೊರಬಿದ್ದ ಮೇಲೆ ನಮಗೆ ನೋಡುವುದಕ್ಕೆ ಆಟವೇ ಇಲ್ಲ. ಕಾಯುವುದು ಅಭ್ಯಾಸ ಆಗಿದೆ. ಆದರೆ ಕತ್ತಲಲ್ಲಿ ಕಾಯಿಸಬೇಡಿ. ಯಾರನ್ನು ತರುತ್ತೀರಿ ಅಂತ ಮುಂಚೆಯೇ ಹೇಳಿ ಅಂತ ಕೇಳುತ್ತಿಲ್ಲ, ಅದು ವ್ಯಾಪಾರದ ಗುಟ್ಟು. ಈ ಸೀಸನ್ ಯಾತಕ್ಕಾಗಿ ಆಡುತ್ತಿದ್ದೇವೆ, ಕಪ್ಪಿಗೋ ಹುಡುಗರನ್ನು ಬೆಳೆಸುವುದಕ್ಕೋ, ಅಷ್ಟನ್ನು ಒಂದು ಪುಟದಲ್ಲಿ ಬರೆದು ಹಾಕಿ. ಕನ್ನಡದಲ್ಲೂ ಹಾಕಿ. ಹುಡುಗರನ್ನು ಬೆಳೆಸುವುದಕ್ಕೆ ಅಂತ ನೀವು ಧೈರ್ಯವಾಗಿ ಹೇಳಿದರೆ, 0-3 ಸೋತ ರಾತ್ರಿಯೂ ಪಶ್ಚಿಮದ ಗ್ಯಾಲರಿ ಮ್ಯಾಚ್ ಮುಗಿದ ಮೇಲೆ ನಿಂತು ಆಟಗಾರರ ಜೊತೆ ಚಪ್ಪಾಳೆ ಹೊಡೆಯುತ್ತದೆ. ಹೇಳದೆ ಸೋತರೆ ಏನಾಗುತ್ತದೋ ನಾನು ಗ್ಯಾರಂಟಿ ಕೊಡಲಾರೆ.

13 ಮ್ಯಾಚಿನಲ್ಲಿ ಕಂಠೀರವದಲ್ಲಿ ಆರೋ ಏಳೋ ಸಿಗುತ್ತದೆ. ವೇಳಾಪಟ್ಟಿ ಕೈಗೆ ಬಂದ ಕೂಡಲೇ ದಯವಿಟ್ಟು ಪ್ರಕಟಿಸಿ. ಆ ಸಂಜೆಗಳಿಗೆ ಅಂಗಡಿ ನೋಡಿಕೊಳ್ಳಲು ನನ್ನ ಭಾವಮೈದುನನಿಗೆ ಮೊದಲೇ ಹೇಳಿಡಬೇಕು. ಅವನು ಕ್ರಿಕೆಟ್‌ನವನು, ಕೊನೇ ಗಳಿಗೆಯಲ್ಲಿ ಕೇಳಿದರೆ ಬರುವುದಿಲ್ಲ.

ಇಂತಿ,
ಪಶ್ಚಿಮದ ಗ್ಯಾಲರಿಯ ಒಬ್ಬ ದಿನಸಿ ಅಂಗಡಿಯವನು
ಹಲಸೂರು